ಬಂದ್ ಆಗದ ಗಾಡಿ

ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಗೋಳಾಡುವವರನ್ನು ನೀವೆಲ್ಲ ನೋಡಿದ್ದೀರಿ. ನೀವೇ ಗೋಳಾಡಿರಲೂಬಹುದು. ಆದರೆ ಗಾಡಿ ಬಂದ್ ಆಗುತ್ತಿಲ್ಲ ಎಂದು ಊಟ ಬಿಟ್ಟು ಕೂತವರನ್ನು ನೋಡಿದ್ದೀರಾ? ನೋಡಿರಲಾರಿರಿ. ಈ ಭೂಮಂಡಲದಲ್ಲಿ ಅಂಥ ಮನುಷ್ಯ ಒಬ್ಬನೇ ಇದ್ದಾನೆ, ಅವನು ಇಳಕಲ್ಲಿನಲ್ಲಿದ್ದಾನೆ, ಮತ್ತು ನನ್ನ ಹಣೆಬರಹಕ್ಕೆ ಅವನು ನನ್ನ ಸ್ವಂತ ಸೋದರಮಾವ!

ಮಾಮಾನ ಬಗ್ಗೆ ಮೊದಲು ಒಂದೆರಡು ಮಾತು ಹೇಳಬೇಕು. ಆಯುಷ್ಯಪೂರ್ತಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಇಳಕಲ್ಲು, ಹುನಗುಂದ, ಅಮೀನಗಡ, ಬಾಗಲಕೋಟೆ, ಮತ್ತೆ ತಿರುಗಿ ಅದೇ ದಾರಿ. ರಿಟೈರ್ ಆದಾಗ ಮಾಮಾ ಬಸ್ಸಿನಿಂದ ಇಳಿದನೇ ಹೊರತು ಬಸ್ಸು ಅವನ ಮೈಮೇಲಿಂದ ಇಳಿಯಲಿಲ್ಲ. ಕಾರು ತೆಗೆದುಕೊಂಡ, ಡ್ರೈವಿಂಗ್ ಕಲಿತ, ಆದರೆ ಇವತ್ತಿಗೂ ಬಾಗಿಲಿನ ಮೇಲೆ ಎರಡು ಸಲ ಬಡಿದು, ತನಗೆ ತಾನೇ "ರೈಟ್!" ಎಂದು ಕೂಗದೆ ಗಾಡಿ ಮುಂದಕ್ಕೆ ಬಿಡುವುದಿಲ್ಲ. ಹಿಂದಿನ ಸೀಟಿನಲ್ಲಿ ನಾನೊಬ್ಬನೇ ಕೂತಿದ್ದರೂ "ಒಳಗ ಸರೀರಿ, ಒಳಗ ಜಾಗಾ ಭಾಳ ಐತಿ" ಎನ್ನುತ್ತಾನೆ. ನಾನು ಸರಿಯುತ್ತೇನೆ ಕೂಡ! ಸರಿಯದೆ ಇದ್ದರೆ ಗಾಡಿ ಹೊರಡಬೇಕಲ್ಲ?

ಇನ್ನು ರಿವರ್ಸಿನ ಪ್ರಸಂಗ. ಯಾರಾದರೂ ಕೆಳಗಿಳಿದು, ಗಾಡಿಯ ಹಿಂದೆ ನಿಂತು, ಸೀಟಿ ಊದಲೇಬೇಕು. ಉಳಿದವರ ಗಾಡಿಯಲ್ಲಿ ಸ್ಟೇರಿಂಗಿನ ಮುಂದೆ ದೇವರ ಮೂರ್ತಿ ಇದ್ದರೆ ಮಾಮಾನ ಗಾಡಿಯಲ್ಲಿ ಅವನ ಹಳೆಯ ಸರ್ವಿಸಿನ ಸೀಟಿ ಇದೆ.

"ಮಾಮಾ, ಹಿಂದ ಕ್ಯಾಮೆರಾ ಐತೆಲ್ಲ. ಮುಂದಿನ ಟಿವಿಯಾಗ ಎಲ್ಲಾ ಕಾಣತೈತಿ."

"ಕ್ಯಾಮೆರಾ ಸೀಟಿ ಊದತೈತೇನಲೇ ಅಳಿಯಾ? ಇಳಿ ಕೆಳಗ."

ಇಷ್ಟಾದರೂ ಸಹಿಸಿಕೊಳ್ಳಬಹುದು. ಆದರೆ ದಾರಿಯಲ್ಲಿ ಕಂಡ ಕಂಡ ಬಸ್ ಸ್ಟಾಪಿನಲ್ಲೆಲ್ಲ ಗಾಡಿ ನಿಲ್ಲಿಸಿದರೆ ಹೇಗೆ? ಯಾರೂ ಕೈ ಮಾಡಿರುವುದಿಲ್ಲ. ಯಾರೂ ಇಳಿಯುವವರಿಲ್ಲ. ಎಷ್ಟೋ ಸಲ ಸ್ಟಾಪಿನಲ್ಲಿ ಒಂದು ನಾಯಿ ಬಿಟ್ಟರೆ ಇನ್ನೊಂದು ಜೀವ ಇರುವುದಿಲ್ಲ. ಆದರೂ ಮಾಮಾ ನಿಲ್ಲಿಸುತ್ತಾನೆ, ಗೇರು ತೆಗೆದು ಕೂರುತ್ತಾನೆ, ಆಮೇಲೆ "ರೈಟ್!" ಹಳೆಯ ಚಟ, ಸಾಯುವತನಕ ಬಿಡುವುದಿಲ್ಲ ಎಂದು ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು.

ಮುಂದಿನ ಸೀಟು ಯಾವಾಗಲೂ ಲೇಡೀಸ್ ಸೀಟು. ಅಲ್ಲಿ ನನ್ನ ಅತ್ತೆ, ಅಂದರೆ ಮಾಮಾನ ಹೆಂಡತಿ. ಒಂದು ಕಾಲಕ್ಕೆ ಅತ್ತೆಯ ದನಿ ಎಂಥದ್ದಿತ್ತು ಅಂತೀರಿ! ಮಾಳಿಗೆಯ ಮೇಲೆ ನಿಂತು ಮಾಮಾನನ್ನು ಕೂಗಿದರೆ ಓಣಿಯ ಕೊನೆಯ ಗಿರಣಿಯವನು "ಇಲ್ಲಿಲ್ಲರೀ ಅಕ್ಕಾರ" ಎಂದು ಉತ್ತರ ಕೊಡುತ್ತಿದ್ದ. ಆಮೇಲೆ ಕುತ್ತಿಗೆಯಲ್ಲಿ ಗಂಟು ಅಂತಾಯಿತು, ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು, ದನಿ ಮಾತ್ರ ಬಹಳ ಸಣ್ಣದಾಗಿಹೋಯಿತು. ಇವರ ಮನೆಯೋ, ಎಡಕ್ಕೂ ಪವರ್‌ಲೂಮು, ಬಲಕ್ಕೂ ಪವರ್‌ಲೂಮು. ಹಗಲೆಲ್ಲ ಖಟಖಟ, ಖಟಖಟ. ಅದರ ನಡುವೆ ಅತ್ತೆ ಏನಾದರೂ ಅಂದರೆ ಎದುರಿನವರು "ಆಂ? ಏನಂದ್ರಿ?" ಎಂದು ಕಿವಿಯನ್ನು ಅವಳ ಬಾಯಿಗೇ ತರುತ್ತಿದ್ದರು. ಅತ್ತೆಗೆ ಅದು ಸೇರಲಿಲ್ಲ. ಬರಬರುತ್ತ ಕೈಸನ್ನೆಯಲ್ಲೇ ಸಂಸಾರ ಸಾಗಿಸತೊಡಗಿದಳು, ಕೊನೆಗೆ ಅದೂ ಕಮ್ಮಿಯಾಯಿತು. ನನಗೆ ಅದನ್ನು ನೋಡಿದರೆ ಬಹಳ ಸಂಕಟವಾಗುತ್ತಿತ್ತು.

ಇರಲಿ, ಗಾಡಿಯ ವಿಷಯಕ್ಕೆ ಬರೋಣ. ಹೊಸ ಗಾಡಿ ತಂದ ಮೊದಲ ವಾರ ಬಾಗಲಕೋಟೆಯ ಸಿಗ್ನಲ್ಲಿನಲ್ಲಿ ಮಾಮಾ ಗೇರು ತೆಗೆದು ಕ್ಲಚ್ಚಿನಿಂದ ಕಾಲೆತ್ತಿದ್ದೇ ತಡ, ಇಂಜಿನ್ ಗಪ್ಪಂತ ಬಂದ್ ಆಯಿತು. ಮಾಮಾ ಹೌಹಾರಿಬಿಟ್ಟ. ಶೋರೂಮಿಗೆ ಫೋನ್ ಹಚ್ಚಿ "ಹೊಸಾ ಗಾಡಿ ಅಂತ ಹೇಳಿ ಸತ್ತ ಗಾಡಿ ಕೊಟ್ಟೀರೇನು?" ಎಂದು ರೇಗಿದ. ಅವರು ನಕ್ಕು ಹೇಳಿದರು: ಈ ಗಾಡಿಯಲ್ಲಿ ಅದೊಂದು ವ್ಯವಸ್ಥೆ ಇದೆ, ನಿಂತಲ್ಲಿ ಎಣ್ಣೆ ಸುಡಬಾರದು ಅಂತ ಇಂಜಿನ್ ತಾನಾಗಿ ಬಂದ್ ಆಗುತ್ತದೆ, ಕ್ಲಚ್ ಒತ್ತಿದರೆ ತಾನಾಗಿ ಚಾಲೂ ಆಗುತ್ತದೆ. ಬೇಡವೆಂದರೆ ಒಂದು ಬಟನ್ ಇದೆ, ಒತ್ತಿಬಿಡಿ.

ಬೇಡವೆಂದರೆ! ಮಾಮಾನಿಗೆ ಇಡೀ ಗಾಡಿಯಲ್ಲಿ ಅದೊಂದೇ ಬೇಕಾಯಿತು. ಕಂಡವರಿಗೆಲ್ಲ ಕರೆದು ತೋರಿಸುತ್ತಿದ್ದ. "ನೋಡ್ರಿಲ್ಲೆ, ಸೀಟಿ ಇಲ್ಲ, ಗಂಟಿ ಇಲ್ಲ, ಹೋಲ್ಡಾನ್ ಅನ್ನೂದಿಲ್ಲ. ತಾನಽ ತಿಳಕೊಂಡು ಗಪ್ ಆಗತೈತಿ. ಇಂಥಾ ಡ್ರೈವರ್ ನನಗ ಸರ್ವಿಸಿನ್ಯಾಗ ಒಬ್ಬನೂ ಸಿಗಲಿಲ್ಲ."

ಒಂದು ದಿನ ಅದು ನಿಂತುಹೋಯಿತು. ಅಂದರೆ, ನಿಲ್ಲುವುದು ನಿಂತುಹೋಯಿತು. ಸಿಗ್ನಲ್ಲಿನಲ್ಲಿ, ಸ್ಟಾಪಿನಲ್ಲಿ, ಎಲ್ಲಿ ನಿಲ್ಲಿಸಿದರೂ ಇಂಜಿನ್ ಗುರ್ ಅಂತಲೇ ಇರತೊಡಗಿತು. ಉಳಿದವರಾಗಿದ್ದರೆ ಅವರ ಗಮನಕ್ಕೂ ಬರುತ್ತಿರಲಿಲ್ಲ. ಮಾಮಾ ಅವತ್ತೇ ಬಾಗಲಕೋಟೆಗೆ ಬಂದು, ವಿದ್ಯಾಗಿರಿಯ ನಮ್ಮ ಮನೆಯಿಂದ ನನ್ನನ್ನು ಎಳೆದುಕೊಂಡು ಶೋರೂಮಿಗೆ ನಡೆದ.

ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವವಳು ಶಬಾನಾ ಎಂಬ ನಮ್ಮೂರಿನ ಹೆಣ್ಣುಮಗಳು. ತಾಳ್ಮೆಯಲ್ಲಿ ಭೂಮಿತಾಯಿ. ಆ ತಾಳ್ಮೆಗೆ ಅವತ್ತಿನಿಂದ ಪರೀಕ್ಷೆ ಶುರುವಾಯಿತು.

"ಏನ್ ತ್ರಾಸ ಕಾಕಾರ? ಗಾಡಿ ಸ್ಟಾರ್ಟ್ ಆಗವಲ್ದೇನು?"

"ಸ್ಟಾರ್ಟ್ ಭಾಳ ಚಂದ ಆಗತೈತವ್ವಾ. ಬಂದ್ ಆಗವಲ್ದು."

"ಕೀಲಿ ತಿರುವಿದ್ರೂ ಬಂದ್ ಆಗವಲ್ದು?" ಅವಳಿಗೆ ಗಾಬರಿಯಾಯಿತು.

"ಕೀಲಿ ತಿರುವಿದ್ರ ಆಗತೈತಿ."

"ಮತ್ತ?"

"ತಾನಽ ಆಗವಲ್ದು!"

ಪಕ್ಕದ ಕುರ್ಚಿಯಲ್ಲಿ ಹುನಗುಂದದ ಒಬ್ಬ ವಕೀಲರು ಕೂತಿದ್ದರು. ಪಾಪ, ಅವರ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದೆ ಕೋರ್ಟಿನ ತಾರೀಖು ತಪ್ಪಿತ್ತು, ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಅವರು ಮಾಮಾನ ಮುಖವನ್ನು ಬಹಳ ಹೊತ್ತು ನೋಡಿ, "ಯಜಮಾನ್ರ, ಅದಲಿ ಬದಲಿ ಮಾಡ್ಕೊಳ್ಳೂಣೇನ್ರಿ? ನಂದು ಮೂರೂ ಹೊತ್ತು ಬಂದಽ ಇರತೈತಿ" ಎಂದರು.

ಶಬಾನಾ ಮಾತ್ರ ನಗಲಿಲ್ಲ. ಇಂಜಿನ್ ತಾನಾಗಿ ಬಂದ್ ಆಗಬೇಕಾದರೆ ಗಾಡಿಗೂ ಕೆಲವು ಷರತ್ತುಗಳಿವೆ ಎಂದು ವಿವರಿಸಿದಳು. ಬೆಲ್ಟು ಹಾಕಿರಬೇಕು, ಬಾಗಿಲು ಸರಿಯಾಗಿ ಹಾಕಿರಬೇಕು, ಇಂಜಿನ್ ಕಾದಿರಬೇಕು, ಏಸಿ ಜೋರಾಗಿ ಇರಬಾರದು, ಬ್ಯಾಟರಿಯಲ್ಲಿ ಚಾರ್ಜ್ ಇರಬೇಕು. ಅದೆಲ್ಲ ನೋಡಿಕೊಂಡು ಒಂದು ವಾರ ಓಡಿಸಿ ನೋಡಿ ಅಂದಳು.

ಆ ವಾರವನ್ನು ನಾನು ಮರೆತಿಲ್ಲ! ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ? ಹಪ್ಪಳ ಒಣಗಿಸಲು ಹೋದವರೇ ಹಪ್ಪಳವಾಗಿ ಬರುವಂಥ ಬಿಸಿಲು. ಅದರಲ್ಲಿ ಏಸಿ ಪೂರಾ ಬಂದ್. ಗ್ಲಾಸು ಇಳಿಸೋಣವೆಂದರೆ "ಷರತ್ತಿನ್ಯಾಗ ಗ್ಲಾಸು ಬರತೈತೋ ಏನೋ, ಏರಿಸು" ಎಂದ. ಬಾಗಿಲು ಸರಿಯಾಗಿ ಬಿದ್ದಿಲ್ಲವೆಂದು ನಾಲ್ಕೂ ಬಾಗಿಲನ್ನು ಹಾಕಿ ತೆಗೆದು ಹಾಕಿದ. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮಾಮಾನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದಳು. ನಾನು ಹಿಂದಿನ ಸೀಟಿನಲ್ಲಿ ಬೆಂದ ಬದನೆಕಾಯಿಯಾಗಿ ಕೂತಿದ್ದೆ. ಸ್ಟಾಪ್ ಬಂತು, ಮಾಮಾ ನಿಲ್ಲಿಸಿದ, ಉಸಿರು ಬಿಗಿಹಿಡಿದ.

ಗುರ್ ಗುರ್ ಗುರ್.

"ಮಾಮಾ, ಕೀಲಿ ತಿರುವು. ಬಂದ್ ಆಗತೈತಿ. ಎಲ್ಲಾರೂ ಹಂಗಽ ಮಾಡತಾರ."

"ಕೀಲಿ ತಿರುವಾಕ ನನಗ ಬರೂದಿಲ್ಲಂತ ತಿಳದೀ ಏನು?"

"ಮತ್ತ ತಿರುವಲಾ!"

"ತಾನಽ ಆಗಬೇಕು," ಎಂದ ಮಾಮಾ. ಅದೊಂದೇ ಮಾತು.

ಎರಡನೆಯ ಸಲ ಹೋದಾಗ ಬ್ಯಾಟರಿಗೆ ಮಷಿನ್ ಹಚ್ಚಿ ನೋಡಿದರು. ರೋಗ ಸಿಕ್ಕಿತು. ಬ್ಯಾಟರಿ ಕೆಟ್ಟಿರಲಿಲ್ಲ, ಹಸಿದಿತ್ತು. ಸ್ಟಾರ್ಟ್ ಆಗಲು ಸಾಕಾಗುವಷ್ಟು ಚಾರ್ಜ್ ಇತ್ತು, ಆದರೆ ಬಂದ್ ಮಾಡಿ ಮತ್ತೆ ಚಾಲೂ ಮಾಡುವ ಧೈರ್ಯ ಗಾಡಿಗೆ ಇರಲಿಲ್ಲ.

"ಗಾಡಿ ದಿನಾ ಎಲ್ಲೆಲ್ಲೆ ಓಡಸ್ತೀರಿ ಕಾಕಾರ?" ಎಂದು ಶಬಾನಾ ಕೇಳಿದಳು.

ಮಾಮಾ ನನ್ನ ಕಡೆ ನೋಡಿದ, ಹೇಳಬೇಡ ಎನ್ನುವ ಹಾಗೆ. ನಾನು ಹೇಳಿಬಿಟ್ಟೆ. ಇಳಕಲ್ಲಿನ ಸಂತೆಗೆ, ಗುಡಿಗೆ, ಅಲ್ಲೇ ಸುತ್ತಮುತ್ತ, ಅದೂ ಬಸ್ ಸ್ಟಾಪಿಗೊಂದು ಸಲ ನಿಲ್ಲಿಸಿ.

"ಅಯ್ಯ ಕಾಕಾರ! ಬ್ಯಾಟರಿ ತುಂಬೂದು ಗಾಡಿ ಓಡುವಾಗ. ಒಂದೊಂದ್ ಸಲ ಬಂದ್ ಆಗಿ ಚಾಲೂ ಆದಾಗೂ ಖರ್ಚ ಆಗತೈತಿ. ನಿಮ್ಮ ಗಾಡಿ ಓಡಿದ್ದಕಿಂತ ನಿಂತಿದ್ದಽ ಜಾಸ್ತಿ. ಇವತ್ತ ಬ್ಯಾಟರಿ ಬಿಚ್ಚಿ ನಾವು ಚಾರ್ಜ್ ಮಾಡಿ ಕೊಡತೇವಿ. ಮುಂದ ನೀವು ಎಲ್ಲೂ ನಿಂದರಲಾರದಂಗ ದೂರ ಓಡಸ್ರಿ. ಅಂದ್ರಽ ಅದು ಬಂದ್ ಆಗತೈತಿ."

"ಅಂದ್ರ ಬಂದ್ ಆಗಬೇಕಂದ್ರ ಬಂದ್ ಮಾಡಬಾರದು?"

"ಹೌದ್ರಿ."

ಮಾಮಾ ಸರ್ಕಾರಿ ನೌಕರಿಯಲ್ಲಿ ಇದಕ್ಕಿಂತ ವಿಚಿತ್ರ ಆದೇಶಗಳನ್ನು ಪಾಲಿಸಿದವನಾದ್ದರಿಂದ ಒಪ್ಪಿಕೊಂಡ.

ಮರುದಿನವೇ ಕಂಪನಿಯಿಂದ ಫೋನು. ಯಾವ ಊರಿನಿಂದಲೋ ಏನೋ, ಓದಿ ಒಪ್ಪಿಸುವಂಥ ಸ್ಪಷ್ಟ ಕನ್ನಡ. ಮಾಮಾ ಸ್ಪೀಕರ್ ಹಚ್ಚಿದ.

"ನಮಸ್ಕಾರ ಸರ್. ನಮ್ಮ ಸೇವೆಗೆ ತಾವು ಒಂದರಿಂದ ಹತ್ತರವರೆಗೆ ಎಷ್ಟು ಅಂಕ ನೀಡುತ್ತೀರಿ?"

"ಈಗ ಹ್ಯಾಂಗ್ ಹೇಳಲವ್ವಾ? ಪಾಸೋ ನಪಾಸೋ ಶುಕ್ರವಾರ ಗೇಟಿನ್ಯಾಗ ಗೊತ್ತಾಗತೈತಿ."

"ಕ್ಷಮಿಸಿ ಸರ್, ಯಾವ ಗೇಟು?"

"ಬಾದಾಮಿ ಹಾದ್ಯಾಗ ಬರೂದಲಾ, ರೈಲ್ವೆ ಗೇಟು."

ಆ ಕಡೆ ಕೀಬೋರ್ಡ್ ಒತ್ತಿದ ಸಪ್ಪಳ ಕೇಳಿಸಿತು. ಆಮೇಲೆ, "ಧನ್ಯವಾದಗಳು ಸರ್. ನಮ್ಮಿಂದ ಬೇರೇನಾದರೂ ಸಹಾಯ ಬೇಕಾಗಿತ್ತೇ?"

"ಹೂಂ. ಶುಕ್ರವಾರ ರೈಲು ಎಷ್ಟೊತ್ತಿಗೆ ಬರತೈತಿ ಒಂದಿಷ್ಟು ನೋಡಿ ಹೇಳ್ರಿ."

ಫೋನು ಕಟ್ಟಾಯಿತು. ಮತ್ತೆಂದೂ ಬರಲಿಲ್ಲ.

ಶುಕ್ರವಾರ ಬಾದಾಮಿ ಹತ್ತಿರದ ಬನಶಂಕರಿ ಗುಡಿಗೆ ಹೋಗುವುದೆಂದು ಆಗಲೇ ಠರಾವಾಗಿತ್ತು. ಇಳಕಲ್ಲಿನಿಂದ ಹೊರಟರೆ ರೈಲ್ವೆ ಗೇಟಿನತನಕ ಎಲ್ಲೂ ನಿಲ್ಲುವುದಿಲ್ಲ, ಬ್ಯಾಟರಿ ತುಂಬುತ್ತದೆ, ಗೇಟಿನಲ್ಲಿ ಇಂಜಿನ್ ತಾನಾಗಿ ಬಂದ್ ಆಗುತ್ತದೆ. ನಾನು ಬಾಗಲಕೋಟೆಯಲ್ಲಿ ಹತ್ತಿಕೊಳ್ಳುತ್ತೇನೆ ಎಂದೆ. ಮಾಮಾ ಸಿಡಿದ. ಬಾಗಲಕೋಟೆಯಲ್ಲಿ ನನ್ನ ಸಲುವಾಗಿ ನಿಲ್ಲಿಸಿದರೆ ಚಾರ್ಜ್ ಹಾಳಾಗುವುದಿಲ್ಲವೇ? ಹೀಗಾಗಿ ಬಾಗಲಕೋಟೆಯ ನಾನು, ಬಾಗಲಕೋಟೆಯ ಮೇಲೇ ಹಾದುಹೋಗುವ ಗಾಡಿಯನ್ನು ಹತ್ತಲು ಹಿಂದಿನ ದಿನ ಬಸ್ಸಿನಲ್ಲಿ ಇಳಕಲ್ಲಿಗೆ ಹೋಗಬೇಕಾಯಿತು! ನಾನಾದರೂ ಯಾಕೆ ಬೇಕು ಎಂದು ಕೇಳಿದ್ದಕ್ಕೆ, "ಗುಡಿ ಮುಂದ ರಿವರ್ಸ್ ತಗೊಳ್ಳುವಾಗ ಸೀಟಿ ಯಾರು ಊದಬೇಕು?" ಎಂದ.

ನಿಲ್ಲದೆ ಹೋಗುವುದು ಮಾಮಾನಿಗೆ ಎಷ್ಟು ಕಷ್ಟವಾಯಿತೆಂದರೆ ನೋಡಲಾಗುತ್ತಿರಲಿಲ್ಲ. ಹುನಗುಂದದಲ್ಲಿ ಅವನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಡ್ರೈವರ್ ಗೆಳೆಯ ರಸ್ತೆಯ ಬದಿಗೆ ನಿಂತು ಎರಡೂ ಕೈ ಎತ್ತಿ ಬೀಸಿದ. ಮಾಮಾ ಮುಖ ತಿರುಗಿಸಿ ಗಾಡಿ ಬಿಟ್ಟ. "ಕೈ ಮಾಡಿದವನ್ನ ಬಿಟ್ಟು ಬಂದೆ. ನನ್ನ ಸರ್ವಿಸಿನ್ಯಾಗ ಹಿಂಗ ಒಮ್ಮಿನೂ ಮಾಡಿರಲಿಲ್ಲ" ಎಂದು ಅಮೀನಗಡ ಬರುವತನಕ ಹಲುಬಿದ. ಅಮೀನಗಡದಲ್ಲಿ ಕರದಂಟಿನ ಅಂಗಡಿಗಳ ಸಾಲು ಕಂಡಾಗ ನನ್ನ ಹೊಟ್ಟೆ ತಾಳ ಹಾಕತೊಡಗಿತು.

"ಮಾಮಾ, ಒಂದಽ ಒಂದು ನಿಮಿಷ. ಇಳದು ಕರದಂಟು ತಗೊಂಡು ಬರತೇನಿ."

"ಗ್ಲಾಸು ಇಳಿಸಿ ವಾಸನಿ ತಗೋ. ಬರುವಾಗ ನೋಡೂಣು."

ಬಾಗಲಕೋಟೆಯ ಸಿಗ್ನಲ್ಲುಗಳಲ್ಲಿ ಕೆಂಪು ಬೀಳದ ಹಾಗೆ ದೂರದಿಂದಲೇ ಎಮ್ಮೆಯ ಹೆಜ್ಜೆಯಲ್ಲಿ ಬಂದು, ಹಸಿರು ಕಂಡ ಕೂಡಲೇ ನುಗ್ಗಿದ. ನನ್ನ ಮನೆಗೆ ತಿರುಗುವ ರಸ್ತೆ ಕಿಟಕಿಯಲ್ಲಿ ಬಂದು ಹೋಯಿತು. ಅತ್ತೆ ದಾರಿಯುದ್ದಕ್ಕೂ ಕೈಕಟ್ಟಿ, ಮುಂದೆ ನೋಡುತ್ತ ಸುಮ್ಮನೆ ಕೂತಿದ್ದಳು.

ಬಾದಾಮಿ ದಾರಿಯಲ್ಲಿ ದೂರಕ್ಕೆ ಗೇಟು ಕಂಡಿತು. ಹಾಕಿತ್ತು! ರೈಲ್ವೆ ಗೇಟು ಹಾಕಿದ್ದನ್ನು ನೋಡಿ ಹಿಗ್ಗಿದ ಮನುಷ್ಯನನ್ನು ನಾನು ಅವತ್ತೇ ಕಂಡದ್ದು. ಮಾಮಾ ಮೆಲ್ಲಗೆ ಹೋಗಿ ಲಾರಿಯೊಂದರ ಹಿಂದೆ ನಿಲ್ಲಿಸಿದ. ಬೆಲ್ಟು ಮುಟ್ಟಿ ನೋಡಿಕೊಂಡ. ಗೇರು ತೆಗೆದ. ಕ್ಲಚ್ಚಿನಿಂದ ಕಾಲೆತ್ತಿದ. ಬಾಯೊಳಗೇ "ಹೋಲ್ಡಾನ್" ಎಂದ.

ಇಂಜಿನ್ ಬಂದ್ ಆಯಿತು.

ನಾನು ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಮುಂದಿನ ಸೀಟಿನಿಂದ ಒಂದು ಸಣ್ಣ ದನಿ ಬಂತು.

"ಅಡಗಿ ಮನಿ ಕಿಟಕಿ ಹಾಕಿ ಬಂದೀರೋ ಇಲ್ಲೋ?"

ಅತ್ತೆ! ಅವಳ ಬಾಯಿಂದ ಪೂರ್ತಿ ಒಂದು ಮಾತು ಕೇಳಿ ಎಷ್ಟೋ ತಿಂಗಳಾಗಿತ್ತು. ಗಾಡಿಯೊಳಗೆ ಸಪ್ಪಳವೇ ಇಲ್ಲದ್ದರಿಂದ ಹಿಂದೆ ಕೂತ ನನಗೂ ಅಕ್ಷರ ಅಕ್ಷರ ಕೇಳಿಸಿತು.

"ಹಾಕೇನಿ," ಎಂದ ಮಾಮಾ, ರಸ್ತೆಯನ್ನೇ ನೋಡುತ್ತ.

"ಮೊನ್ನಿನೂ ಹಿಂಗಽ ಅಂದ್ರಿ. ಬೆಕ್ಕು ಬಂದು ಹಾಲೆಲ್ಲಾ ಕುಡದು ಹೋತು. ಮತ್ತ ಆ ಗೆಳ್ಯಾ ಕೈ ಮಾಡಿದ್ರ ಮಾರಿ ತಿರವಿ ಬಂದ್ರೆಲ್ಲಾ, ಏನ್ ತಿಳಕೊಂಡಾನು ಅವ? ಅಳಿಯಾಗ ಹಸಿವ್ಯಾಗೇತಿ, ಅಮೀನಗಡದಾಗ ಒಂದೀಟು ನಿಂದರಬಾರದಾಗಿತ್ತೇನು? ಮತ್ತ ಈ ಅಂಗಿ! ಕಾಲರ್ ಹರದೈತಿ ಅಂತ ಎತ್ತಿ ಇಟ್ಟಿದ್ದೆ, ಅದನ್ನಽ ಹುಡುಕಿ ಹಾಕ್ಕೊಂಡೀರಿ…"

ಬೈಗುಳ! ಶುದ್ಧ, ಹಳೆಯ, ನಮ್ಮ ಅತ್ತೆಯ ಬೈಗುಳ. ದನಿ ಸಣ್ಣದಾಗಿತ್ತೇ ಹೊರತು ಸರಕು ಅದೇ ಇತ್ತು. ಮಾಮಾ ಒಂದೊಂದಕ್ಕೂ "ಹೂಂ", "ಹೂಂ" ಎನ್ನುತ್ತಿದ್ದ. ಕನ್ನಡಿಯಲ್ಲಿ ಅವನ ಮುಖ ನೋಡಿದೆ. ಬೈಸಿಕೊಳ್ಳುತ್ತಿರುವ ಗಂಡನ ಮುಖವೇ ಅಲ್ಲ ಅದು! ಮದುವೆಯ ಫೋಟೋದಲ್ಲಿ ಕೂಡ ಅವನು ಅಷ್ಟು ಖುಷಿಯಾಗಿಲ್ಲ.

"ಮತ್ತ ನಾ ದವಾಖಾನ್ಯಾಗ ಇದ್ದಾಗ ನೀವು…" ಎಂದು ಅತ್ತೆ ಶುರುಮಾಡಿದ್ದಳು, ರೈಲು ಧಡಧಡ ಬಂದುಬಿಟ್ಟಿತು. ಅದು ಹೋಗುವಷ್ಟರಲ್ಲಿ ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡೆದರು, ಮಾಮಾ ಕ್ಲಚ್ ಒತ್ತಿದ, ಇಂಜಿನ್ ಗುರ್ ಎಂದಿತು. ಅತ್ತೆ ಬಾಯಿ ಮುಚ್ಚಿಕೊಂಡಳು.

ಬನಶಂಕರಿಯಲ್ಲಿ ಅತ್ತೆ ಗುಡಿ ಸುತ್ತು ಹಾಕುತ್ತಿದ್ದಾಗ ನಾವಿಬ್ಬರೂ ಹೊರಗೆ ರೊಟ್ಟಿ ಮಾರುವ ಹೆಣ್ಣುಮಕ್ಕಳ ಮುಂದೆ ಕೂತು ಜುಣಕ, ರೊಟ್ಟಿ, ಮೊಸರು ಹೊಡೆಯುತ್ತಿದ್ದೆವು. ಮಾಮಾನ ರೊಟ್ಟಿ ಮುರಿದದ್ದು ಮುರಿದಂತೆ ಇತ್ತು.

"ದವಾಖಾನ್ಯಾಗ ಇದ್ದಾಗ ಏನಂತೋ?" ಎಂದ.

"ಅತ್ತಿಗೇ ಕೇಳು."

"ಕೇಳಿದ್ರ ಹೇಳಂಗಿಲ್ಲಲೇ. ಕೇಳಾಕ ಬಗ್ಗಿದ್ರ ಸುಮ್ಮನಾಗತಾಳ. ನಾ ಕೀಲಿ ತಿರುವಿ ಬಂದ್ ಮಾಡಿ ನೋಡೇನಿ. ಆಕಿಗೆ ಗೊತ್ತಾಗತೈತಿ, ನನ್ನ ಸಲುವಾಗಿ ಗಾಡಿ ಬಂದ್ ಮಾಡಿದ್ರು, ನನ್ನ ದನಿ ಅಷ್ಟು ಹೋಗೇತಿ ಅಂತ. ಮಾರಿ ಸಣ್ಣದು ಮಾಡ್ಕೊಂಡು ಕಿಟಕಿ ಕಡೆ ನೋಡತಾಳ. ಗಾಡಿ ತಾನಽ ಬಂದ್ ಆತಂದ್ರ ಯಾರೂ ಆಕಿ ಸಲುವಾಗಿ ಏನೂ ಮಾಡಿದಂಗ ಆಗೂದಿಲ್ಲ. ತಾನಽ ಮಾತಾಡತಾಳ."

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟೆ. "ಅಂದ್ರ ಬಸ್ ಸ್ಟಾಪಿಗೊಮ್ಮಿ ನಿಂದರಸೂದು…"

"ಮತ್ತೇನು? ಕಾರಿನ್ಯಾಗ ಪ್ಯಾಸೆಂಜರ್ ಹತ್ತಿಸ್ಕೊಳ್ಳಾಕ ನನಗೇನ್ ಹುಚ್ಚೇನು?"

ನಾವು ಚಟ ಎಂದು ನಕ್ಕಿದ್ದು ಇದಕ್ಕೆ. ಮಾಮಾ ಹೆಂಡತಿಯ ಮಾತಿಗಾಗಿ ನಿಂತು ನಿಂತೇ ಬ್ಯಾಟರಿಯನ್ನು ಖಾಲಿ ಮಾಡಿದ್ದ.

ವಾಪಸು ಬರುವಾಗ ಗೇಟು ತೆರೆದೇ ಇತ್ತು. ರೈಲಿನ ಸುಳಿವೇ ಇಲ್ಲ. ಮುಂದಿನ ಗಾಡಿಗಳು ಸಲೀಸಾಗಿ ದಾಟಿ ಹೋಗುತ್ತಿದ್ದವು. ಮಾಮಾನ ಮುಖ ಬಾಡಿಹೋಯಿತು. ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಗೇಟಿಗೆ ಸ್ವಲ್ಪ ಈಚೆಗೆ, ರಸ್ತೆಯಲ್ಲೇ ನಿಂತುಬಿಟ್ಟಿತು. ಗೇರು ತೆಗೆದ. ಕಾಲೆತ್ತಿದ. ಇಂಜಿನ್ ತಾನಾಗಿಯೇ ಬಂದ್ ಆಯಿತು.

ಅತ್ತೆ ತೆರೆದ ಗೇಟನ್ನು ನೋಡಿದಳು. ಮಾಮಾನನ್ನು ನೋಡಿದಳು. ಅವಳಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದಿರಬೇಕು. ಈ ಸಲ ಅವಳು ಕಿಟಕಿಯ ಕಡೆ ತಿರುಗಲಿಲ್ಲ.

"ನಾ ದವಾಖಾನ್ಯಾಗ ಇದ್ದಾಗ ನೀವು ಕುರ್ಚಿ ಮ್ಯಾಲ ಕುಂತಲ್ಲೇ ನಿದ್ದಿ ಹತ್ತಿ, ಕನಸಿನ್ಯಾಗ 'ರೈಟ್, ರೈಟ್' ಅಂತಿದ್ರಿ. ಕಬ್ಬಣದ ಮಂಚಾ ಬಡದು ಬಡದು. ನಗಿ ಬಂದು ನನ್ನ ಹೊಲಿಗಿ ನೋಯತಿದ್ವು. ಅವತ್ತ ಹೇಳಬೇಕಂತ ಮಾಡಿದ್ದೆ. ದನಿ ಬರಲಿಲ್ಲ. ಅಂಜಿಕಿ ಆಗಿತ್ತರಿ ನನಗ, ಅದನ್ನ ಕೇಳಿ ಹೋತು."

ಮಾಮಾ "ಹೂಂ" ಅನ್ನಲು ಹೋದ. ಅದನ್ನು ಬಿಟ್ಟು, ರಸ್ತೆಯಿಂದ ಕಣ್ಣು ತೆಗೆದು ಅವಳ ಕಡೆಗೇ ತಿರುಗಿ ಕೂತ.

ಹಿಂದಿನಿಂದ ಹಾರ್ನುಗಳು ಶುರುವಾದವು. ಬಸ್ಸು, ಟ್ರ್ಯಾಕ್ಟರು, ಅದರ ಹಿಂದೆ ಇನ್ನೇನೇನೋ. ಅತ್ತೆ ಮುಂದೆ ಏನೋ ಹೇಳತೊಡಗಿದ್ದಳು. ನಾನು ಮುಂದಕ್ಕೆ ಬಗ್ಗಿ, ಸ್ಟೇರಿಂಗಿನ ಮುಂದಿದ್ದ ಸೀಟಿಯನ್ನು ತೆಗೆದುಕೊಂಡು ಕೆಳಗಿಳಿದೆ. ಬಾಗಿಲನ್ನು ಸಪ್ಪಳವಾಗದಂತೆ ಹಾಕಿದೆ. ಗಾಡಿಯ ಹಿಂದೆ ಹೋಗಿ ನಿಂತು, ಎರಡೂ ಕೈ ಅಗಲಿಸಿ, ಸೀಟಿ ಊದಿ, ಒಬ್ಬೊಬ್ಬರನ್ನಾಗಿ ಬಲಗಡೆಯಿಂದ ಸಾಗಹಾಕತೊಡಗಿದೆ.

ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ಕೇಳಿದ: "ಏನಾತ್ರೀ ಗಾಡಿಗೆ? ಬ್ಯಾಟರಿ ಹೋಗೇತೇನು?"

"ಇಲ್ರಿ, ಬ್ಯಾಟರಿ ಪೂರಾ ತುಂಬೇತಿ," ಎಂದೆ. "ಹಾರ್ನ್ ಒಂದು ಹೊಡೀಬ್ಯಾಡ್ರಿ. ನೀವು ಈ ಕಡಿಂದ ಹೋಗ್ರಿ."